ಒಟ್ಲು, ನಾಟಿ ಮತ್ತು ನಾವು

ನಮ್ಮ ಕಡೆ ಯಾವ ಸಭೆ ಸಮಾರಂಭಕ್ಕೆ ಹೋದರೂ ಭಾಷಣ ಶುರುವಾಗುವುದು ಬಿರುದಿನಿಂದ. ಕೆ.ಆರ್.ನಗರದ ವೇದಿಕೆ ಹತ್ತಿದವರು ‘ಭತ್ತದ ಕಣಜ’ ಎನ್ನದೆ ಮೈಕು ಬಿಡುವುದಿಲ್ಲ. ಹುಣಸೂರಿನಲ್ಲಿ ‘ಅರಸು ಹುಟ್ಟಿದ ಮಣ್ಣು’. ಪಿರಿಯಾಪಟ್ಟಣಕ್ಕೆ ಬಂದರೆ ‘ಹೊಗೆಸೊಪ್ಪಿನ ನಾಡು’, ಅಲ್ಲಿಂದ ಬೈಲಕುಪ್ಪೆಗೆ ಹೋದರೆ ‘ಮಿನಿ ಟಿಬೆಟ್’. ಎಚ್.ಡಿ.ಕೋಟೆಗೆ ಮಾತ್ರ ಪಾಪ, ಎರಡೆರಡು ಬಿರುದು. ಪ್ರವಾಸೋದ್ಯಮದವರು ಮಾತಾಡಿದರೆ ಅದು ‘ವನಸಿರಿಯ ನಾಡು’, ಯೋಜನೆ ಹಂಚುವವರು ಮಾತಾಡಿದರೆ ‘ಹಿಂದುಳಿದ ತಾಲ್ಲೂಕು’. ಚಪ್ಪಾಳೆ ಎರಡಕ್ಕೂ ಬೀಳುತ್ತದೆ.

ಬಿರುದಿಗೂ ರೂಪಕಕ್ಕೂ ವ್ಯತ್ಯಾಸ ಉಂಟು. ಊರಿನಲ್ಲಿ ಏನಿದೆ ಎಂದು ಹೇಳಿದರೆ ಬಿರುದಿನ ಕೆಲಸ ಮುಗಿಯಿತು. ರೂಪಕ ಹಾಗಲ್ಲ, ಆ ಊರಿನವರು ಒಬ್ಬರ ಪಕ್ಕ ಒಬ್ಬರು ಹೇಗೆ ಬದುಕಿದ್ದಾರೆ ಎಂಬ ವಿಚಾರಕ್ಕೇ ಬಾಯಿ ಹಾಕುತ್ತದೆ. ಆದ್ದರಿಂದ ಅದನ್ನು ಆರಿಸಿಕೊಳ್ಳುವಾಗ ಸ್ವಲ್ಪ ಜಾಗ್ರತೆ ಬೇಕು. 1908ರಲ್ಲಿ ಲಂಡನ್ನಿನ ಲೇಖಕ ಇಸ್ರೇಲ್ ಜಾಂಗ್ವಿಲ್ ಬರೆದ ‘ದಿ ಮೆಲ್ಟಿಂಗ್ ಪಾಟ್’ ನಾಟಕ ಅಮೆರಿಕದಲ್ಲಿ ಆಡಿತು. ಬಂದವರೆಲ್ಲ ಕರಗಿ ಒಂದೇ ಲೋಹವಾಗುವ ಮೂಸೆ ಎಂಬ ಚಿತ್ರ ಆ ದೇಶದ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಮನೆಮಾತು ಬಿಡದವರು ಇನ್ನೂ ಸರಿಯಾಗಿ ಕರಗದವರು ಎನಿಸಿಕೊಂಡರು. ಪಕ್ಕದ ಕೆನಡಾದಲ್ಲಿ ಜಾನ್ ಮರೆ ಗಿಬ್ಬನ್ 1938ರಲ್ಲಿ ತನ್ನ ಪುಸ್ತಕಕ್ಕೆ ‘ಕೆನೇಡಿಯನ್ ಮೊಸಾಯಿಕ್’ ಎಂದು ಹೆಸರಿಟ್ಟ. ಬಣ್ಣಬಣ್ಣದ ಚೂರುಗಳು ತಂತಮ್ಮ ಬಣ್ಣ ಉಳಿಸಿಕೊಂಡೇ ಒಂದು ಚಿತ್ರವಾಗುತ್ತವೆ ಎಂಬುದು ಅಲ್ಲಿನ ವಾದ. ನಮ್ಮಲ್ಲಿ ಕುವೆಂಪು ನಾಡನ್ನು ತೋಟ ಎಂದರು, 2004ರಲ್ಲಿ ಅದು ನಾಡಗೀತೆಯೂ ಆಯಿತು. ತೋಟ ಚೆಂದದ ಮಾತು, ದೊಡ್ಡ ಮಾತು. ಇಡೀ ನಾಡಿಗೆ ಹೊಲಿಸಿದ ಅಂಗಿ ಅದು, ನಾಲ್ಕು ತಾಲ್ಲೂಕಿನ ಮೈಗೆ ತೊಡಿಸಿದರೆ ತೋಳು ಉದ್ದವಾಗುತ್ತದೆ.

ನಾಲ್ಕನ್ನು ಒಟ್ಟಿಗೇ ಯಾಕೆ ಹಿಡಿದೆ ಎಂದು ಕೇಳಬಹುದು. ಸಾಲಿಗ್ರಾಮ, ಸರಗೂರು ಬೇರೆ ತಾಲ್ಲೂಕಾದ ಮೇಲೆ ಲೆಕ್ಕ ಆರಕ್ಕೆ ಏರಿದೆ, ಅದು ಕಂದಾಯ ಇಲಾಖೆಯ ಲೆಕ್ಕ. ಮೈಸೂರಿನಿಂದ ಪಡುವಣಕ್ಕೆ ಹೊರಟರೆ ಕೊಡಗು, ವಯನಾಡು ಮುಟ್ಟುವ ತನಕ ಇರುವ ನೆಲ ಇದು. ಒಂದು ಕಡೆ ನಾಗರಹೊಳೆ ಕಾಡು, ಇನ್ನೊಂದು ಕಡೆ ಕಾವೇರಿ ಬಯಲು, ನಡುವೆ ಮಳೆ ನಂಬಿದ ಕೆಂಪು ಹೊಲ. ಸಂಬಂಧ, ಸಾಲ, ಸಂತೆ, ಜಾತ್ರೆ ಎಲ್ಲವೂ ಒಂದರಿಂದ ಒಂದಕ್ಕೆ ಹರಿದಿವೆ. ಇಷ್ಟಾದರೂ ಇದಕ್ಕೆ ಒಂದು ಹೆಸರಿಲ್ಲ. ಕೊಡಗಿನವರು ಕೊಡಗು ಎನ್ನುತ್ತಾರೆ, ಮಲೆನಾಡಿನವರು ಮಲೆನಾಡು ಎನ್ನುತ್ತಾರೆ, ನಮ್ಮವರು ‘ಮೈಸೂರು ಹತ್ರ’ ಎನ್ನುತ್ತಾರೆ.

ರೂಪಕ ಹುಡುಕಲು ಕೂತವರ ಕೈಗೆ ಮೊದಲು ಸಿಗುವುದು ಹೊಳೆ. ಅದನ್ನು ಹಾಗೇ ಬಿಡುವುದು ವಾಸಿ. ಹೊಳೆ ದಂಡೆಯ ಯಾವ ಊರಿನವರಾದರೂ ಅದನ್ನು ತಮ್ಮದೆನ್ನಬಹುದು. ಅಲ್ಲದೆ ಇಲ್ಲಿ ಹೊಳೆ ಒಂದಲ್ಲ. ಕೆ.ಆರ್.ನಗರಕ್ಕೆ ಕಾವೇರಿ, ಹುಣಸೂರಿಗೆ ಲಕ್ಷ್ಮಣತೀರ್ಥ, ಕೋಟೆಗೆ ಕಬಿನಿ. ಮೂರೂ ಹುಟ್ಟುವುದು ಬೇರೆಯವರ ಬೆಟ್ಟದಲ್ಲಿ, ತುಂಬುವುದು ದೂರದವರ ಕೊಡ.

ಎರಡನೆಯದು ಬ್ಯಾರನ್. ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಪಿರಿಯಾಪಟ್ಟಣ, ಹುಣಸೂರು, ಕೋಟೆ ಕಡೆಯ ಹಳ್ಳಿಗಳಲ್ಲಿ ಮನೆಗಿಂತ ಎತ್ತರಕ್ಕೆ, ಕಿಟಕಿಯಿಲ್ಲದ ಗೋಡೆಗಳೊಂದಿಗೆ ನಿಂತಿರುವ ಕಟ್ಟಡ ಅದು, ಹೊಗೆಸೊಪ್ಪು ಹದ ಮಾಡುವ ಗೂಡು. ಜುಲೈ ಆಚೆ ಸಂಜೆ ಹೊತ್ತು ಈ ರಸ್ತೆಗಳಲ್ಲಿ ಹೋದರೆ ಸೌದೆ ಹೊಗೆಯ ಜೊತೆ ಒಂದು ಸಿಹಿಗಾಟು ಮೂಗಿಗೆ ಬಡಿಯುತ್ತದೆ. ಹಗಲು ಮುರಿದು ತಂದ ಸೊಪ್ಪನ್ನು ಹೆಂಗಸರು, ಮಕ್ಕಳು, ಮುದುಕರು ಜಗಲಿಯಲ್ಲಿ ಕೂತು ಕಡ್ಡಿಗೆ ಕಟ್ಟುತ್ತಾರೆ. ಗಂಡಸರು ಅಡ್ಡಗಳುವಿನ ಮೇಲೆ ಕಾಲಿಟ್ಟು ಹತ್ತಿ ಸಾಲುಸಾಲಾಗಿ ತೂಗಿಹಾಕುತ್ತಾರೆ. ಆಮೇಲೆ ಬಾಗಿಲು ಜಡಿದು ಒಲೆಗೆ ಬೆಂಕಿ. ಮೊದಲು 35 ಡಿಗ್ರಿಯ ಆಸುಪಾಸಿನಲ್ಲಿ ಸೊಪ್ಪು ಹಳದಿಗೆ ತಿರುಗಬೇಕು, ನಂತರ ಎಲೆ ಒಣಗಬೇಕು, ಕೊನೆಗೆ 70 ಡಿಗ್ರಿಯ ಹತ್ತಿರ ನಡುದಂಟು ಒಣಗಬೇಕು. ಐದಾರು ದಿನ, ಹಗಲೂ ರಾತ್ರಿ, ಯಾರಾದರೊಬ್ಬರು ಒಲೆಯ ಮುಂದೆ ಇರಲೇಬೇಕು. ಕಣ್ಣು ಮುಚ್ಚಿ ಕಾವು ಇಳಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಏರಿದರೆ ಬ್ಯಾರನ್ನೇ ಹತ್ತಿ ಉರಿಯುತ್ತದೆ. ಬ್ಯಾರನ್‌ಗೆ ಬೆಂಕಿ ಬಿದ್ದ ಸುದ್ದಿ ಇಲ್ಲದ ಹಂಗಾಮೇ ಇಲ್ಲ. ಬೇಲ್ ಕಟ್ಟಿ ಹರಾಜು ಮಾರುಕಟ್ಟೆಗೆ ಒಯ್ದ ದಿನ ಗ್ರೇಡು ಹೇಳುವವನು ಸೊಪ್ಪನ್ನು ಎರಡು ಬೆರಳಲ್ಲಿ ಹಿಡಿದು ನೋಡುವ ಆ ಅರೆಕ್ಷಣದಲ್ಲಿ ಮಗಳ ಮದುವೆ ಈ ವರ್ಷವೋ ಮುಂದಿನ ವರ್ಷವೋ ಎಂಬುದು ತೀರ್ಮಾನವಾಗುತ್ತದೆ.

1976ರಲ್ಲಿ ತಂಬಾಕು ಮಂಡಳಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯಿತು. ಅಲ್ಲಿಂದ ಈಚೆಗೆ ಈ ಭಾಗದ ಮನೆ, ಮೋಟಾರು ಬೈಕು, ಕಾಲೇಜು ಫೀಸು ಬಹುಪಾಲು ಈ ಗೂಡಿನಿಂದಲೇ ಬಂದಿವೆ. ಹೀಗಿರುವಾಗ ಬ್ಯಾರನ್ನನ್ನೇ ನಮ್ಮ ರೂಪಕ ಮಾಡಿಕೊಂಡರೆ ಏನು ತಪ್ಪು? ತಪ್ಪು ಅದರ ಕೆಲಸದಲ್ಲೇ ಇದೆ. ಒಳಗೆ ಹೋದ ಸೊಪ್ಪೆಲ್ಲ ಒಂದೇ ಬಣ್ಣಕ್ಕೆ ಬರಬೇಕು, ಬಾರದ್ದಕ್ಕೆ ಕಡಿಮೆ ದರ. ಜಾಂಗ್ವಿಲ್ಲನ ಮೂಸೆಗೆ ಹತ್ತಿರದ ನೆಂಟ ಇದು. ಒಂದು ಕಿಲೋ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕು, ಆ ಸೌದೆ ಯಾರದೋ ಕಾಡಿನದು. ಅಲ್ಲದೆ 2004ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಈ ಬೆಳೆಯ ತಲೆ ಮೇಲೆ ಕತ್ತಿ ತೂಗುತ್ತಲೇ ಇದೆ. ಕೆ.ಆರ್.ನಗರದ ಗದ್ದೆಯವರಿಗೆ, ಕೋಟೆಯ ಹಾಡಿಯವರಿಗೆ ಬ್ಯಾರನ್ ತಮ್ಮದು ಅನ್ನಿಸುವುದೂ ಇಲ್ಲ.

ಮೂರನೆಯದು ಆನೆ. ಪ್ರತಿವರ್ಷ ದಸರೆಯ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಪೂಜೆ, ಮಂತ್ರಿಗಳು, ಕ್ಯಾಮೆರಾ ಎಲ್ಲ ಮುಗಿದ ಮೇಲೆ ಆನೆಗಳು ಲಾರಿ ಹತ್ತುತ್ತವೆ, ನಮ್ಮ ಪಾಲಿನ ದಸರಾ ಅಲ್ಲಿಗೆ ಮುಗಿಯುತ್ತದೆ. ಕೋಟೆಯ ಕಾಕನಕೋಟೆ ಕಾಡಿನಲ್ಲಿ 1971ರವರೆಗೆ ಖೆಡ್ಡಾ ನಡೆಯಿತು. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಅಲ್ಲೇ ಸೆರೆ ಸಿಕ್ಕವನು. ಅಂಬಾರಿಯ ಭಾರ ಇಳಿದ ಮೇಲೂ ಅವನಿಗೆ ಪಿಂಚಣಿ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಕಳಿಸಿದಾಗ ಕಾಳಗದಲ್ಲಿ ಸತ್ತ. ಬೇರೆಯವರ ಮೆರವಣಿಗೆಗೆ ಬೆನ್ನು ಕೊಟ್ಟವನ ಕತೆ ನಮಗೆ ಹತ್ತಿರವಾದದ್ದು ನಿಜ. ಆದರೆ ಆನೆಯನ್ನು ಊರಿನ ಲಾಂಛನ ಮಾಡಿಕೊಳ್ಳಿ ಎಂದು ಕಾಡಂಚಿನಲ್ಲಿ ರಾಗಿ ಕಾಯಲು ಅಟ್ಟಣೆ ಮೇಲೆ ರಾತ್ರಿ ಕಳೆಯುವ ರೈತನಿಗೆ ಹೇಳಿ ನೋಡಿ.

ಹೀಗೆ ಒಂದೊಂದಾಗಿ ಬಿಟ್ಟುಕೊಂಡು ಬಂದರೆ ಉಳಿಯುವುದು ನಾಲ್ಕೂ ತಾಲ್ಲೂಕಿನವರ ಕೈಗೆ ಗೊತ್ತಿರುವ ಒಂದು ಕೆಲಸ. ಒಟ್ಲು ಬಿಡುವುದು, ಕೀಳುವುದು, ನೆಡುವುದು.

ಪೇಟೆಯ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭತ್ತವನ್ನು ನೇರ ಗದ್ದೆಗೆ ಎರಚುವುದು ಇಲ್ಲಿ ಅಪರೂಪ. ನೀರು ಹತ್ತಿರ ಇರುವ ಒಂದು ಮೂಲೆಯಲ್ಲಿ ಸಣ್ಣ ಪಾತಿ ಮಾಡಿ, ಮೊಳಕೆ ಕಟ್ಟಿದ ಬೀಜವನ್ನು ಒತ್ತಾಗಿ ಚೆಲ್ಲುತ್ತಾರೆ. ಅದೇ ಒಟ್ಲು. ಮೂರು ವಾರಕ್ಕೆ ಅದು ಕಣ್ಣು ಕುಕ್ಕುವ ಹಸಿರಾಗುತ್ತದೆ, ಕೈ ಹಾಕಿದರೆ ಬೆರಳು ಇಳಿಯದಷ್ಟು ಒತ್ತು. ಅಷ್ಟರಲ್ಲಿ ಚಾಮರಾಜ ಎಡದಂಡೆ, ಬಲದಂಡೆ ನಾಲೆಗಳಿಗೆ ನೀರು ಬಿಟ್ಟಿರಬೇಕು. ಬೆಳಗಿನ ಜಾವ ಪೈರು ಕೀಳುವವರು ಪಾತಿಗೆ ಇಳಿಯುತ್ತಾರೆ. ಹಿಡಿ ತುಂಬ ಕಿತ್ತು, ಬೇರಿಗೆ ಅಂಟಿದ ಕೆಸರನ್ನು ಕಾಲಿನ ಹರಡಿಗೆ ಬಡಿದು ತೊಳೆದು, ಕಂತೆ ಕಟ್ಟಿ ಬದುವಿನಿಂದಲೇ ಹದವಾದ ಗದ್ದೆಗೆ ಎಸೆಯುತ್ತಾರೆ. ನಾಟಿ ಹಾಕುವ ಹೆಂಗಸರು ಸೊಂಟ ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಎರಡು ಮೂರು ಎಸಳಿನಂತೆ ಊರುತ್ತ ಹೋಗುತ್ತಾರೆ. ಸಂಜೆಗೆ ಗದ್ದೆ ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಅಷ್ಟು ಹಸಿರಾಗಿದ್ದ ಪೈರು ಜೋತು ಬಿದ್ದು, ಮರುದಿನಕ್ಕೆ ಹಳದಿಯಾಗಿ, ಎಲ್ಲ ಹೋಯಿತು ಅನ್ನಿಸುತ್ತದೆ. ಒಂದು ವಾರ ಕಳೆಯಬೇಕು, ಬೇರು ಹಿಡಿಯಬೇಕು. ಆಮೇಲೆ ಒಂದೊಂದು ಪೈರೂ ತೆಂಡೆ ಹೊಡೆದು ನಾಲ್ಕೈದಾಗುತ್ತದೆ. ಕೀಳದೆ ಒಟ್ಲಲ್ಲೇ ಬಿಟ್ಟ ಪೈರು ಬಲಿತು ನಿಲ್ಲುತ್ತದೆ, ತಡವಾಗಿ ನೆಟ್ಟರೂ ತೆಂಡೆ ಸರಿಯಾಗಿ ಬರುವುದಿಲ್ಲ.

ಹೊಗೆಸೊಪ್ಪಿನದೂ ಇದೇ ಪಾಡು. ಒಂದು ಗ್ರಾಂ ತೂಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬೀಜ, ನೇರ ಹೊಲಕ್ಕೆ ಬಿತ್ತುವ ಮಾತೇ ಇಲ್ಲ. ಸಸಿ ಮಡಿಯಲ್ಲಿ ಎಬ್ಬಿಸಿ, ಈಗೀಗ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಗಟ್ಟಿ ಮಾಡಿ, ಭರಣಿ ಮಳೆ ಬಿದ್ದ ಮೇಲೆ ಹೊಲಕ್ಕೆ ದಾಟಿಸಬೇಕು. ಮೆಣಸಿನಕಾಯಿ, ಟೊಮೆಟೊ ಸಸಿಯೂ ಅಷ್ಟೆ.

ಈಗ ಬೆಳೆಯಿಂದ ಜನರ ಕಡೆ ತಿರುಗಿ. ಕೆ.ಆರ್.ನಗರ ಪಟ್ಟಣವೇ ನಾಟಿ ಹಾಕಿದ ಊರು. ಹಳೆಯ ಊರು ಕಾವೇರಿ ದಂಡೆಯ ಎಡತೊರೆ, ಅರ್ಕೇಶ್ವರನ ಗುಡಿ ಇಂದಿಗೂ ಅಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಗೆರೆ ಎಳೆದಂತೆ ಬೀದಿ ಹಾಕಿ ಹೊಸ ಊರು ಎಬ್ಬಿಸಿದರು, ಅದಕ್ಕೆ ಅವರದೇ ಹೆಸರು ಬಂತು. ಹಿರಿಯರ ಬಾಯಲ್ಲಿ ಎಡತೊರೆ ಇನ್ನೂ ಹೋಗಿಲ್ಲ. ಸಾಲಿಗ್ರಾಮ ತಮಿಳು ಸೀಮೆಯಿಂದ ಬಂದ ರಾಮಾನುಜಾಚಾರ್ಯರು ನೆಲೆ ನಿಂತ ಊರೆಂದು ಹೆಸರಾದದ್ದು. ಕಪ್ಪಡಿಯಲ್ಲಿ ಗದ್ದುಗೆ ಇರುವ ರಾಚಪ್ಪಾಜಿ ಮಂಟೇಸ್ವಾಮಿ ಪರಂಪರೆಯವರು. ಕಲ್ಯಾಣದಿಂದ ತೆಂಕಣಕ್ಕೆ ನಡೆದು ಬಂದ ಆ ಕತೆಯನ್ನು ನೀಲಗಾರರು ಇವತ್ತಿಗೂ ರಾತ್ರಿಯಿಡೀ ಹಾಡುತ್ತಾರೆ. ಬೆಟ್ಟದಪುರದ ಸಂಕೇತಿಗಳ ಹಿರೀಕರು ಶೆಂಕೋಟೆ ಕಡೆಯಿಂದ ಬಂದವರು. ತಮಿಳು, ಮಲಯಾಳ, ಕನ್ನಡ ಕಲೆತ ಅವರ ಮನೆಮಾತು ಶತಮಾನಗಳ ನಂತರವೂ ಅಡುಗೆಮನೆಯಲ್ಲಿ ಬದುಕಿದೆ. ಹೊರಗೆ ಅವರಾಡುವ ಕನ್ನಡ ಕೇಳಿ ಯಾರೂ ‘ನೀವು ಯಾವ ಕಡೆಯವರು’ ಎನ್ನುವುದಿಲ್ಲ.

ಟಿಬೆಟಿನವರದು ನಮ್ಮ ಕಣ್ಣೆದುರಿನ ನಾಟಿ. 1960ರ ಕೊನೆ, 1961ರ ಹೊತ್ತಿಗೆ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಕೊಟ್ಟ ಸುಮಾರು 3,000 ಎಕರೆ ಕಾಡುನೆಲಕ್ಕೆ ಹಿಮಾಲಯದ ಆಚೆಯ ಜನ ಬಂದಿಳಿದರು. ಚಳಿ ಬಿಟ್ಟು ಬೇರೇನೂ ಕಾಣದವರು ಬಿಸಿಲಿಗೆ, ಜ್ವರಕ್ಕೆ, ಆನೆಗೆ ಮೈಯೊಡ್ಡಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ನಾಟಿಯ ಮರುದಿನದ ಹಳದಿ ಎಂದರೆ ಆ ಮೊದಲ ವರ್ಷಗಳೇ. 1963ರಲ್ಲಿ ನಾಮ್ದ್ರೋಲಿಂಗ್ ಮಠ ಶುರುವಾಯಿತು, 1972ರಲ್ಲಿ ಹುಣಸೂರಿನ ಗುರುಪುರದಲ್ಲೂ ಒಂದು ನೆಲೆ ಆಯಿತು. ಇವತ್ತು ಬೇರು ಹಿಡಿದಿದೆ. ಕ್ಯಾಂಪಿನ ಅಂಗಡಿಯವರು ನಮಗಿಂತ ಚೆನ್ನಾಗಿ ಹುಣಸೂರು ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಅವರ ಮಕ್ಕಳು ಈಗ ಕೆನಡಾ, ಯುರೋಪು ಎಂದು ಹೊರಟಿದ್ದಾರೆ, ಅಂದರೆ ಇನ್ನೊಂದು ಗದ್ದೆಗೆ.

ಈ ಪಟ್ಟಿಗೆ ಶುಂಠಿಯವರನ್ನು ಸೇರಿಸಬೇಕೇ? ಕೇರಳದಿಂದ ಬಂದು ಹೊಲ ಗುತ್ತಿಗೆ ಹಿಡಿದು, ಕೊಳೆ ರೋಗ ಕಂಡೊಡನೆ ಮುಂದಿನ ಊರಿಗೆ ಗಂಟು ಕಟ್ಟುವವರು ಬೇರು ಬಿಡುವ ಜಾತಿಯಲ್ಲ ಎಂದು ನಮ್ಮವರ ದೂರು. ಆದರೆ ನಮ್ಮ ಗದ್ದೆಯ ಜ್ಯೋತಿ ಭತ್ತ ಹುಟ್ಟಿದ್ದು ಕೇರಳದ ಪಟ್ಟಾಂಬಿ ಸಂಶೋಧನಾ ಕೇಂದ್ರದಲ್ಲಿ. ಬೆಳೆದದ್ದನ್ನು ಕೊಂಡು ಉಣ್ಣುವವರೂ ಬಹುಪಾಲು ಅವರೇ. ಬೀಜ ಅವರದು, ಕೆಸರು ನಮ್ಮದು, ಅನ್ನ ಮತ್ತೆ ಅವರದು. ಇದರಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು ಎಂದು ಬದು ಹಾಕುವುದು ಕಷ್ಟ. ಇತ್ತೀಚೆಗೆ ನಾಟಿ ಹಾಕುವ ಕೈಗಳೇ ಪಶ್ಚಿಮ ಬಂಗಾಳ, ಬಿಹಾರದಿಂದ ಬರುತ್ತಿವೆ.

ಬಂದವರ ಪಾಲಿಗೆ ಈ ಸೀಮೆ ಗದ್ದೆಯಾದರೆ ಹೊರಟವರ ಪಾಲಿಗೆ ಒಟ್ಲು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಒಂದನ್ನೇ ನೋಡಿ. 1915ರಲ್ಲಿ ದೇವರಾಜ ಅರಸು, ಅದರ ಮರುವರ್ಷ ಕಾದಂಬರಿಕಾರ ಚದುರಂಗ ಹುಟ್ಟಿದ ಊರದು. ಚದುರಂಗರ ‘ವೈಶಾಖ’ಕ್ಕೆ 1982ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅರಸು ಮುಖ್ಯಮಂತ್ರಿಯಾಗಿದ್ದಾಗಲೇ 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು, ಮರುವರ್ಷ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಹೊಲದೊಡೆಯನನ್ನಾಗಿ ಮಾಡಿತು. ಇಡೀ ನಾಡಿಗೆ ಹೆಸರಿಟ್ಟ ಕಾಲದ ಮುಖ್ಯಮಂತ್ರಿ ಹೆಸರಿಲ್ಲದ ಸೀಮೆಯಿಂದ ಬಂದವರು ಎಂಬುದು ನನಗೆ ಆಗಾಗ ತಮಾಷೆಯಾಗಿ ಕಾಣುತ್ತದೆ. ಪೌರಾಣಿಕ ಚಿತ್ರಗಳಿಗೆ ಹೆಸರಾದ ಹುಣಸೂರು ಕೃಷ್ಣಮೂರ್ತಿ ಊರನ್ನು ಹೆಸರಿನಲ್ಲೇ ಕಟ್ಟಿಕೊಂಡು ಹೋದರು. ಈಗಲೂ ಬೆಂಗಳೂರಿನ ಬಸ್ಸಿಗೆ ಹತ್ತುವ ಹುಡುಗರು, ಮೈಸೂರಿನ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಇಲ್ಲಿಂದ ಕಿತ್ತ ಪೈರೇ.

ಇಷ್ಟು ಹೇಳಿದ ಮೇಲೆ ರೂಪಕ ಸಿಕ್ಕಿತೆಂದು ಎದೆ ತಟ್ಟಿಕೊಳ್ಳಬಹುದಿತ್ತು. ಆದರೆ ಎಲ್ಲವನ್ನೂ ಹೊಂದಿಸಿಬಿಡುವ ರೂಪಕದ ಮೇಲೆ ನನಗೆ ಸ್ವಲ್ಪ ಅನುಮಾನ. ಪೈರನ್ನು ಕೀಳುವಾಗ ಅದರ ಒಪ್ಪಿಗೆ ಯಾರೂ ಕೇಳುವುದಿಲ್ಲ. ಕಬಿನಿಗೆ ಬೀಚನಹಳ್ಳಿಯಲ್ಲಿ ಕಟ್ಟೆ ಕಟ್ಟಿ 1974ರಲ್ಲಿ ನೀರು ನಿಂತಾಗ ಊರು ಬಿಟ್ಟವರನ್ನು ‘ನಾಟಿ’ ಎಂದು ಕರೆದರೆ ಅವರ ಮಕ್ಕಳು ಒಪ್ಪುತ್ತಾರೆಯೇ? ನಾಗರಹೊಳೆಯಿಂದ ಎಬ್ಬಿಸಿದ ಜೇನುಕುರುಬರು, ಬೆಟ್ಟಕುರುಬರು, ಯರವರ ವಿಷಯ ಇನ್ನೂ ಕಷ್ಟದ್ದು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಅಲ್ಲಿಂದ ಹೊರಬಿದ್ದ ಕುಟುಂಬಗಳನ್ನು 3,418 ಎಂದು ಎಣಿಸಿತು. ಹುಣಸೂರಿನ ನಾಗಾಪುರದಲ್ಲಿ, ಶೆಟ್ಟಹಳ್ಳಿ ಲಕ್ಕಪಟ್ಟಣದಲ್ಲಿ ಕೆಲವರಿಗೆ ಮನೆ, ಜಮೀನು ಕೊಟ್ಟದ್ದುಂಟು. ಹೆಚ್ಚಿನವರು ಕಾಡಂಚಿನ ಹಾಡಿಗಳಿಂದ ಕೊಡಗಿನ ಕಾಫಿ ತೋಟಕ್ಕೆ, ನಮ್ಮ ಶುಂಠಿ ಹೊಲಕ್ಕೆ, ಬ್ಯಾರನ್ನಿನ ಬಾಗಿಲಿಗೆ ಕೂಲಿಗೆ ಬರುತ್ತಾರೆ. ರೈತ ಪೈರು ಕೀಳುವುದಕ್ಕೆ ಮೊದಲು ಗದ್ದೆ ಹದ ಮಾಡಿಟ್ಟಿರುತ್ತಾನೆ. ಇವರನ್ನು ಕಿತ್ತವರು ಆ ಕೆಲಸ ಮಾಡಿರಲಿಲ್ಲ. ಕಂತೆ ಕಟ್ಟಿ ಬದುವಿನ ಮೇಲೆ ಇಟ್ಟುಹೋದರು.

ನಾಟಿಯ ಮಾತು ಹಿಡಿದರೆ ಇದನ್ನು ಮುಚ್ಚಿಡಲು ಆಗುವುದಿಲ್ಲ ಎಂಬುದೇ ಅದರ ಪರವಾಗಿ ನಾನು ಹೇಳಬಹುದಾದ ದೊಡ್ಡ ಮಾತು. ‘ಭತ್ತದ ಕಣಜ’ ಎಂದವರನ್ನು ಯಾರೂ ಮರುಪ್ರಶ್ನೆ ಕೇಳಲಾರರು. ‘ನಾಟಿಯ ಸೀಮೆ’ ಎಂದವರನ್ನು ಕೇಳಬಹುದು: ಕಿತ್ತವರು ಯಾರು, ಹದ ಮಾಡಿದವರು ಯಾರು, ಬೇರು ಹಿಡಿಯುವ ತನಕ ನೀರು ಬಿಟ್ಟವರು ಯಾರು, ಒಣಗಿದ ಸಾಲು ಯಾವುದು.

2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಮಗ್ಗುಲಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ದಶಕಗಳ ಹಿಂದೆ ಬಿಡಬೇಕಾಗಿ ಬಂದಿದ್ದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸು ನಡೆದು ಹೋಗಿ ಗುಡಿಸಲು ಹಾಕಿದವು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಆ ನೆಲ ತಮ್ಮದೆಂದು ಅವರ ವಾದ. ಒಟ್ಲಿಗೆ ಹಿಂತಿರುಗಿದ ಪೈರನ್ನು ಯಾವ ರೈತನೂ ಕಂಡಿಲ್ಲ. ನನ್ನ ರೂಪಕ ಅಲ್ಲಿಗೆ ನಿಂತುಹೋಗುತ್ತದೆ. ಅವರು ಮಾಡಿದ್ದಕ್ಕೆ ತಕ್ಕ ಮಾತು ಹಾಡಿಯವರ ಬಾಯಿಂದಲೇ ಬರಬೇಕು, ಗದ್ದೆಯವರ ಬಾಯಿಂದಲ್ಲ.